ಮರಿಗೆಯಲ್ಲಿ ನಲವತ್ತೆಂಟು

ಆ ಲೆಕ್ಕ ಬಿಡಿಸಿದ್ದು ನಾನು, ಸುಲೋಚನಕ್ಕ ಅಲ್ಲ. ಚಿಕೋರಿ ಎರಡು ಸಲ ಬಿದ್ದದ್ದು ಅಪ್ಪನ ತಪ್ಪಲ್ಲ, ಅಮ್ಮನ ತಪ್ಪೂ ಅಲ್ಲ. ಅಜ್ಜಿಯ ಅಂಗೈಯ ತಪ್ಪು. ನಡೆದದ್ದು ಇಷ್ಟೇ. ಇದನ್ನು ಮೊದಲೇ ಬರೆದುಬಿಟ್ಟರೆ ಆಮೇಲೆ ಯಾರೂ ನನ್ನ ಜೊತೆ ವಾದಕ್ಕೆ ಬರುವ ಹಾಗಿಲ್ಲ. ಹೋದ ತಿಂಗಳು ಅಕ್ಕನ ಮಗನ ಗೃಹಪ್ರವೇಶದಲ್ಲಿ ಎಲೆಯ ಮುಂದೆ ಕೂತು ಅಕ್ಕ ಈ ಕತೆಯನ್ನು ಬೀಗರಿಗೆಲ್ಲ ಹೇಳಿದಳು. ಎಷ್ಟು ಚೆನ್ನಾಗಿ ಹೇಳಿದಳೆಂದರೆ ಒಂದು ಗಳಿಗೆ ನನಗೇ ನಂಬಿಕೆ ಬಂತು. ಅವಳ ಕತೆಯಲ್ಲಿ ಲೆಕ್ಕ ಬಿಡಿಸಿದ್ದು ಅವಳು; ನಾನು ಪಕ್ಕದಲ್ಲಿ ಮೊರ ಹಿಡಿದುಕೊಂಡು ನಿಂತಿದ್ದೆ. ಅಕ್ಕ ಶಾಲೆಯಲ್ಲಿ ಹೆಡ್‌ಮಿಸ್ಸಾಗಿ ರಿಟೈರಾದವಳು, ಅವಳು ಹೇಳಿದರೆ ಜನ ಕೇಳುತ್ತಾರೆ. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು. ಆದರೆ ಅವತ್ತು ಮರಿಗೆಯ ಮುಂದೆ ಯಾರು ಏನು ಹೇಳಿದರು ಅನ್ನುವುದನ್ನು ಬರೆಯಲಿಕ್ಕೆ ನಾಲ್ಕನೇ ಕ್ಲಾಸು ಸಾಕು. ಅಕ್ಕ ಇದನ್ನು ಓದುತ್ತಾಳೆ. ಓದಲಿ.

ನಮ್ಮ ಮನೆ ಕೊಟ್ಟಿಗೆಹಾರದಲ್ಲಿ, ಘಾಟಿಗೆ ಇಳಿಯುವ ರಸ್ತೆಗೆ ಮುಖ ಮಾಡಿಕೊಂಡಿತ್ತು. ಮನೆ ಅನ್ನುವುದಕ್ಕಿಂತ ಕಾಫಿಪುಡಿಯ ಮಿಶನ್ನು ಬಿಟ್ಟುಕೊಟ್ಟ ಜಾಗದಲ್ಲಿ ನಾವು ಐದು ಜನ ಇದ್ದೆವು ಅನ್ನುವುದು ಸರಿ. ಮುಂದಿನ ಕೋಣೆಯಲ್ಲಿ ಮಿಶನ್ನು, ತಕ್ಕಡಿ, ಮರಿಗೆ. ನಡುವಿನ ಕೋಣೆಯಲ್ಲಿ ಬೀಜದ ಮೂಟೆಗಳು, ಮೂಟೆಗಳ ಸಂದಿಯಲ್ಲಿ ನಮ್ಮ ಚಾಪೆ. ಅದರ ಹಿಂದೆ ಅಡಿಗೆಮನೆ, ಅದರಾಚೆ ಬೀಜ ಹುರಿಯುವ ಡ್ರಮ್ಮಿನ ಚಪ್ಪರ. ಮಿಶನ್ನು ಓಡಲು ಶುರುವಾದರೆ ಅಡಿಗೆಮನೆಯ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅನ್ನಕ್ಕೆ, ಮೊಸರಿಗೆ, ತಲೆದಿಂಬಿಗೆ, ದೇವರ ಗೂಡಿನ ಬತ್ತಿಗೆ ಕೂಡ ಕಾಫಿಯ ವಾಸನೆ. ಅಮ್ಮ ಬಿಳಿ ಬಟ್ಟೆ ಒಗೆದು ಹಾಕಿದರೆ ಒಣಗುವಷ್ಟರಲ್ಲಿ ಅದು ಕಂದು. ಶಾಲೆಯಲ್ಲಿ ನನ್ನನ್ನೂ ಅಕ್ಕನನ್ನೂ ಪುಡಿ ಹುಡುಗೀರು ಎಂದು ಕರೆಯುತ್ತಿದ್ದರು. ಅಕ್ಕ ಅಳುತ್ತಿದ್ದಳು. ನಾನು ಕರೆದವರನ್ನು ಹೊಡೆಯುತ್ತಿದ್ದೆ.

ಮೂಟೆ ಎತ್ತಿ ಎತ್ತಿ ಅಮ್ಮನ ಸೊಂಟ ಹಿಡಿದುಕೊಂಡಾಗ ಇಬ್ಬರಲ್ಲಿ ಒಬ್ಬಳು ಶಾಲೆ ಬಿಡಬೇಕು ಅಂತಾಯಿತು. ಯಾರು ಬಿಡಬೇಕು ಅನ್ನುವುದಕ್ಕೆ ದೊಡ್ಡ ಪಂಚಾಯಿತಿ ನಡೆಯಲಿಲ್ಲ. ಅಪ್ಪ ನಮ್ಮಿಬ್ಬರ ತೋಳು ನೋಡಿದ. ನನ್ನದು ದಪ್ಪ. ಅಲ್ಲಿಗೆ ಮುಗಿಯಿತು. ಅಕ್ಕ ಮೂಡಿಗೆರೆಯ ಹಾಸ್ಟೆಲ್ಲಿನಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋದಳು, ನಾನು ಮಿಶನ್ನಿನ ಕೋಣೆಗೆ ಹೋದೆ. ಬೀಜ ಆರಿಸುವುದು, ಜರಡಿ ಹಿಡಿಯುವುದು, ಪೊಟ್ಟಣ ಕಟ್ಟುವುದು ನನ್ನ ಕೆಲಸ. ತಕ್ಕಡಿ ಮುಟ್ಟುವ ಹಾಗಿರಲಿಲ್ಲ. ಚಿಕೋರಿಯನ್ನಂತೂ ಕೇಳುವುದೇ ಬೇಡ. ಚಿಕೋರಿ ಅಂದರೆ ಒಂದು ಗೆಡ್ಡೆ, ಅದನ್ನು ಹುರಿದು ಪುಡಿ ಮಾಡಿ ಕಾಫಿಗೆ ಬೆರೆಸುತ್ತಾರೆ. ಅಳತೆಯಲ್ಲಿದ್ದರೆ ಕಾಫಿಗೆ ಬಣ್ಣ ಬರುತ್ತದೆ, ನಾಲಿಗೆಗೆ ದಪ್ಪ ಅನ್ನಿಸುತ್ತದೆ. ಅಳತೆ ಮೀರಿದರೆ ಬಾಣಂತಿಗೆ ಕೊಡುವ ಕಷಾಯ. ಯಾರಿಗೆ ಎಷ್ಟು ಪಾಲು ಅನ್ನುವುದು ಅಪ್ಪನ ತಲೆಯಲ್ಲಿತ್ತು. ಆ ತಲೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ.

ಬೆರೆಸುತ್ತಿದ್ದದ್ದು ಮರಿಗೆಯಲ್ಲಿ. ಹಲಸಿನ ದಿಮ್ಮಿಯನ್ನು ದೋಣಿಯ ಹಾಗೆ ಕೊರೆದು ಮಾಡಿದ ತೊಟ್ಟಿ ಅದು. ನಾನು ಕಾಲು ಚಾಚಿ ಮಲಗಿದರೂ ಜಾಗ ಉಳಿಯುತ್ತಿತ್ತು. ಕಾಫಿಪುಡಿ ಸುರಿದು, ಚಿಕೋರಿ ಹಾಕಿ, ಎರಡೂ ಕೈಯಲ್ಲಿ ಮೊಣಕೈವರೆಗೂ ಇಳಿದು ಕಲಸಬೇಕು. ಕಲಸಿ ಆದಮೇಲೆ ಪುಡಿಯ ಮೇಲೆ ಬೆರಳಿನಿಂದ ಉದ್ದಕ್ಕೆ ಒಂದು ಗೆರೆ ಎಳೆಯುವುದು ನಮ್ಮ ಮನೆಯ ಪದ್ಧತಿ. ಗೆರೆ ಇದ್ದರೆ ಚಿಕೋರಿ ಬಿದ್ದಿದೆ, ಇಲ್ಲದಿದ್ದರೆ ಬಿದ್ದಿಲ್ಲ. ಕಾಗದ ಹುಡುಕಿ ಬರೆದಿಡುವ ಮನೆ ನಮ್ಮದಲ್ಲ. ಅಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ಬೇರೆಯದೇ ಪದ್ಧತಿ ಇತ್ತು. ಅಕ್ಕಿಯಿರಲಿ, ಉಪ್ಪಿರಲಿ, ಯಾವ ರಾಶಿಯ ಮೇಲೂ ಗುಂಡಿಯನ್ನೋ ಗೀರನ್ನೋ ಹಾಗೇ ಬಿಟ್ಟು ಏಳಬಾರದು, ಅಂಗೈಯಿಂದ ಸವರಿ ಮಟ್ಟ ಮಾಡಬೇಕು. ಇಲ್ಲದಿದ್ದರೆ ಮನೆಗೆ ಆಗಿಬರುವುದಿಲ್ಲ ಅನ್ನುತ್ತಿದ್ದಳು. ಮಿಶನ್ನಿನ ಕೋಣೆಗೆ ಅಜ್ಜಿ ಬರುತ್ತಲೇ ಇರಲಿಲ್ಲ, ಸದ್ದಿಗೆ ತಲೆ ನೋಯುತ್ತದೆ ಎಂದು. ಹಾಗಾಗಿ ಎರಡೂ ಪದ್ಧತಿಗಳು ಒಂದೇ ಮನೆಯಲ್ಲಿ ಜಗಳವಿಲ್ಲದೆ ಇದ್ದವು.

ಅವು ಎದುರುಬದುರಾದದ್ದು ಗೌಡರ ಮನೆಯ ಮದುವೆಯ ಪುಡಿಯಲ್ಲಿ. ನಮ್ಮ ಮಿಶನ್ನು ವರ್ಷವಿಡೀ ಓಡುತ್ತಿದ್ದದ್ದೇ ಗೌಡರ ಎಸ್ಟೇಟಿನಿಂದ. ಅವರ ಮನೆಗೆ, ಅವರ ನೆಂಟರ ಮನೆಗಳಿಗೆ, ಎಲ್ಲದಕ್ಕೂ ನಮ್ಮದೇ ಪುಡಿ. ಆ ಬೇಸಿಗೆಯಲ್ಲಿ ಮಗಳ ಮದುವೆಗೆ ನಲವತ್ತು ಕೆ.ಜಿ. ಹೇಳಿಕಳಿಸಿದ್ದರು. ಅವರ ಫಸಲೆಲ್ಲ ಅಷ್ಟರಲ್ಲಿ ಸಿಪ್ಪೆ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಗೆ ಹೋಗಿ ಆಗಿತ್ತು, ಹಾಗಾಗಿ ಬೀಜವೂ ನಮ್ಮದೇ. ಷರತ್ತು ಒಂದೇ: ಐದರಲ್ಲಿ ಒಂದು ಪಾಲು ಚಿಕೋರಿ, ಅದಕ್ಕಿಂತ ಹೆಚ್ಚಿಲ್ಲ. ಷರತ್ತು ಹಾಕಿದವರು ಗೌಡರ ತಾಯಿ. ಅವರನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ನಮಗಿಂತ ಮುಂಚೆ ಅವರಿಗೆ ಪುಡಿ ಕೊಡುತ್ತಿದ್ದವನೊಬ್ಬ ಚಿಕೋರಿ ಜಾಸ್ತಿ ಮಾಡಿದ್ದನ್ನು ದೊಡ್ಡಮ್ಮ ಒಂದು ಲೋಟ ತಣ್ಣೀರಿನಲ್ಲಿ ಕಂಡುಹಿಡಿದು, ಮೂಟೆಯನ್ನು ಹಾಗೇ ವಾಪಸು ಕಳಿಸಿ, ಮತ್ತೆ ಅವನ ಅಂಗಡಿಯ ಮುಂದೆ ಜೀಪು ನಿಲ್ಲಿಸಿರಲಿಲ್ಲ. ಮದುವೆಯ ಪುಡಿ ಕೆಟ್ಟರೆ ನಮಗೂ ಅದೇ ಗತಿ, ಮಿಶನ್ನು ನಿಲ್ಲುತ್ತದೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಪುಡಿ ಕೊಡಬೇಕಾದ ದಿನ ಅಪ್ಪನಿಗೆ ಜೋರು ನೆಗಡಿ. ಮೂಗು ಪೂರ್ತಿ ಕಟ್ಟಿಕೊಂಡಿತ್ತು. ಬೆಳಿಗ್ಗೆ ಅವನು ಹಿಂದೆ ಡ್ರಮ್ಮಿನ ಹತ್ತಿರ ಬೂದಿ ತೆಗೆಯುತ್ತಿದ್ದಾಗ ಅಮ್ಮ, ಕೆಲಸ ಬೇಗ ಮುಗಿಯಲಿ ಎಂದು, ಮರಿಗೆಯಲ್ಲಿದ್ದ ಮೂವತ್ತೆರಡು ಕೆ.ಜಿ. ಕಾಫಿಪುಡಿಗೆ ಎಂಟು ಕೆ.ಜಿ. ಚಿಕೋರಿ ತೂಗಿ ಹಾಕಿ, ಕಲಸಿ, ಗೆರೆ ಎಳೆದು ಸ್ನಾನಕ್ಕೆ ಹೋದಳು. ಮಿಶನ್ನು ನಿಂತಿತ್ತು, ಸದ್ದಿರಲಿಲ್ಲ. ಮದುವೆಗೆ ಹೋಗುವ ಪುಡಿ ನೋಡಬೇಕು ಎಂದು ಅಜ್ಜಿ ಬಂದಳು. ಗೆರೆ ನೋಡಿದಳು. ಮದುವೆಮನೆಗೆ ಹೋಗುವ ಪುಡಿಯ ಮೇಲೆ ಗೀರು! ಅಂಗೈಯಿಂದ ನೀಟಾಗಿ ಸವರಿ, ಮೇಲೆ ಒಂದು ಬಟ್ಟೆ ಮುಚ್ಚಿ ಹೋದಳು. ಆಮೇಲೆ ಅಪ್ಪ ಬಂದ. ಬಟ್ಟೆ ಸರಿಸಿದ, ಗೆರೆ ಇಲ್ಲ. ವಾಸನೆ ಹಿಡಿಯಲಿಕ್ಕೆ ಮೂಗಿಲ್ಲ. ಇನ್ನೊಂದು ಎಂಟು ಕೆ.ಜಿ. ಹಾಕಿ ಕಲಸಿಬಿಟ್ಟ.

ಪ್ರತಿ ಸಲದ ಪುಡಿಯಲ್ಲೂ ಮೊದಲ ಕಾಫಿ ಅಜ್ಜಿಗೆ ಹೋಗುತ್ತಿತ್ತು. ಅಮ್ಮ ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಕೊಟ್ಟಳು. ಅಜ್ಜಿ ಒಂದು ಗುಟುಕು ಕುಡಿದು ಅಂಗಳಕ್ಕೆ ಉಗಿದಳು.

"ಎಂತದೇ ಇದು? ಕಾಫಿಯೋ, ದನಕ್ಕೆ ಕುಡಿಸೋ ಮದ್ದೋ?"

"ಎಂಟೇ ಹಾಕಿದ್ದು ಅತ್ತೆ, ನಾನೇ ತೂಗಿದ್ದು," ಎಂದಳು ಅಮ್ಮ.

"ನೀನು ಹಾಕಿದ್ಯಾ? ಎಂಟು ನಾನಲ್ವಾ ಹಾಕಿದ್ದು!" ಎಂದ ಅಪ್ಪ.

ಎಲ್ಲರೂ ಒಟ್ಟಿಗೆ ಮಾತಾಡಿದರು. ಗೆರೆ ಎಳೆದಿದ್ದೆ ಅಂತ ಅಮ್ಮ, ಇರಲಿಲ್ಲ ಅಂತ ಅಪ್ಪ, ನಿನ್ನ ಕಣ್ಣಿಗೂ ನೆಗಡಿಯಾ ಅಂತ ಅಮ್ಮ. ಅಜ್ಜಿ ತನ್ನ ಅಂಗೈ ನೋಡಿಕೊಂಡು, ಸೆರಗಿಗೆ ಒರೆಸಿಕೊಂಡು, ಗೀರು ಕಂಡ್ರೆ ಸವರದೆ ಮತ್ತೆಂತ ಪೂಜೆ ಮಾಡ್ಲಾ ಎಂದು ಒಳಗೆ ಹೋದಳು. ಅಪ್ಪ ಚಿಕೋರಿಯ ಡಬ್ಬ ತೂಗಿ ನೋಡಿದ. ಹದಿನಾರು ಖಾಲಿ. ಮರಿಗೆಯಲ್ಲಿ ನಲವತ್ತರ ಬದಲು ನಲವತ್ತೆಂಟು ಕೆ.ಜಿ. ಇತ್ತು. ಗೌಡರ ಜೀಪು ನಾಲ್ಕು ಗಂಟೆಗೆ ಬರುವುದಿತ್ತು. ಅಪ್ಪ ಮಿಶನ್ನಿಗೆ ಒರಗಿ ಕೂತ. ಅವನು ಹಾಗೆ ಕೂತದ್ದನ್ನು ನಾನು ಮೊದಲು ನೋಡಿರಲಿಲ್ಲ.

ಅಕ್ಕ ರಜೆಗೆ ಬಂದಿದ್ದಳು. ನಡುವಿನ ಕೋಣೆಯಲ್ಲಿ ಓದುತ್ತಿದ್ದವಳು ಗಲಾಟೆ ಕೇಳಿ ಎದ್ದು ಬಂದಳು. ವಿಷಯ ಕೇಳಿದ ಕೂಡಲೇ ಮುಖ ಅರಳಿತು. ನಿಜ ಹೇಳುತ್ತೇನೆ, ಮನೆಗೆ ಬೆಂಕಿ ಬಿದ್ದರೂ ಅಕ್ಕ ಅಷ್ಟು ಚುರುಕಾಗುತ್ತಿರಲಿಲ್ಲ.

"ಅಪ್ಪಾ, ಇದು ನಮ್ಮ ಬೀಜಗಣಿತದಲ್ಲಿ ಇದೆ! ಮಿಶ್ರಣದ ಲೆಕ್ಕ. ಒಂದು ನಿಮಿಷ ಇರು."

ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಳು. ಹಾಕಬೇಕಾದ ಕಾಫಿ ಎಕ್ಸ್ ಆಗಿರಲಿ. ಚಿಕೋರಿ ಹದಿನಾರು. ಒಟ್ಟು ನಲವತ್ತೆಂಟು ಮತ್ತು ಎಕ್ಸ್. ಅದರ ಐದರಲ್ಲಿ ಒಂದು ಪಾಲು ಹದಿನಾರಕ್ಕೆ ಸಮ. ಪೆನ್ಸಿಲ್ಲು ಓಡಿತು, ನಿಂತಿತು.

"ಮೂವತ್ತೆರಡು. ಇನ್ನೂ ಮೂವತ್ತೆರಡು ಕೆ.ಜಿ. ಕಾಫಿ ಹಾಕಿದ್ರೆ ಸರಿಯಾಗ್ತದೆ."

"ಮೂವತ್ತೆರಡು ಎಲ್ಲಿಂದ ತರ್ಲಿ ಮಾರಾಯ್ತಿ? ಮನೇಲಿ ಇರೋದೇ ಇಪ್ಪತ್ತು ಕೆ.ಜಿ. ಹಸಿ ಬೀಜ. ಹುರಿದ್ರೆ ತೂಕ ಇಳಿದು ಹದಿನಾರೋ ಹದಿನಾರೂವರೆಯೋ ಸಿಗ್ತದೆ. ಮುಂದಿನ ಲೋಡು ಬರೋದು ನಾಡಿದ್ದು."

"ಲೆಕ್ಕದ ಪ್ರಕಾರ ಮೂವತ್ತೆರಡೇ ಅಪ್ಪಾ."

"ಲೆಕ್ಕ ಸರಿ ಇದೆ. ಬೀಜ ಇಲ್ಲ."

ಅಕ್ಕ ಮತ್ತೆ ಬರೆದಳು. ಮತ್ತೆ ಮೂವತ್ತೆರಡೇ ಬಂತು. ಎಕ್ಸನ್ನು ಎಷ್ಟು ಸಲ ಕೇಳಿದರೂ ಅದು ಹೇಳಿದ್ದನ್ನೇ ಹೇಳುತ್ತಿತ್ತು. ಗೌಡರ ಹತ್ತಿರ ಹೋಗಿ ಕಾಲು ಹಿಡಿಯುತ್ತೇನೆ ಎಂದು ಅಪ್ಪ ಅಂಗಿ ಹುಡುಕತೊಡಗಿದ. ನಾನು ಜರಡಿ ಕೆಳಗಿಟ್ಟು ಮರಿಗೆಯನ್ನೇ ನೋಡುತ್ತಿದ್ದೆ. ನನ್ನ ಕಣ್ಣಿಗೆ ಕಂಡದ್ದು ಎಕ್ಸ್ ಅಲ್ಲ, ಸಾರಿನ ಪಾತ್ರೆ. ಸಾರಿಗೆ ಉಪ್ಪು ಜಾಸ್ತಿಯಾದ ದಿನ ಅಮ್ಮ ಇಡೀ ಪಾತ್ರೆಗೆ ನೀರು ಹೊಯ್ಯುತ್ತಿರಲಿಲ್ಲ. ಹೊಯ್ದರೆ ಊರಿಗೆಲ್ಲ ಬಡಿಸುವಷ್ಟು ಸಾರಾಗುತ್ತದೆ. ಉಣ್ಣುವವರಿಗೆ ಎಷ್ಟು ಬೇಕೋ ಅಷ್ಟಕ್ಕೆ ತಕ್ಕ ಹಾಗೆ ನಾಲ್ಕು ಸೌಟು ಬೇರೆ ಪಾತ್ರೆಗೆ ತೆಗೆದು, ಅದಕ್ಕೆ ಮಾತ್ರ ಬಿಸಿನೀರು ಹಾಕುತ್ತಿದ್ದಳು.

"ಇಡೀ ಮರಿಗೆ ಸರಿ ಮಾಡು ಅಂತ ಯಾರು ಹೇಳಿದ್ರು?" ಎಂದೆ.

"ನೀನು ಸುಮ್ನಿರೇ ಜಲಜಾ, ನಡುವೆ ಬಾಯಿ ಹಾಕ್ಬೇಡ," ಎಂದಳು ಅಕ್ಕ.

"ಅವ್ರು ಕೇಳಿರೋದು ನಲವತ್ತು ತಾನೇ? ನಲವತ್ತರಲ್ಲಿ ಚಿಕೋರಿ ಎಷ್ಟಿರ್ಬೇಕು? ಎಂಟು. ಈ ಮರಿಗೇಲಿ ಮೂರು ಮುಷ್ಟಿ ತೆಗೆದ್ರೆ ಅದರಲ್ಲಿ ಒಂದು ಮುಷ್ಟಿ ಚಿಕೋರಿ. ಹಂಗಾದ್ರೆ ಎಂಟು ಕೆ.ಜಿ. ಚಿಕೋರಿ ಬೇಕಂದ್ರೆ ಇಪ್ಪತ್ತನಾಲ್ಕು ಕೆ.ಜಿ. ತೆಗೀರಿ. ಚಿಕೋರಿ ಅಲ್ಲಿಗೆ ಮುಗೀತು, ಇನ್ನು ಒಂದು ಚಿಟಿಕೆಯೂ ಬೇಡ. ನಲವತ್ತಕ್ಕೆ ಎಷ್ಟು ಕಡಿಮೆ ಬಿತ್ತು? ಹದಿನಾರು. ಅದಕ್ಕೆ ಬರೀ ಕಾಫಿ ಹಾಕಿ. ಹದಿನಾರು ಇದೆ ಅಂತ ಅಪ್ಪನೇ ಹೇಳಿದ್ನಲ್ಲ ಈಗ."

ಅಪ್ಪ ಅಂಗಿಯ ಒಂದು ತೋಳು ಹಾಕಿಕೊಂಡು ನಿಂತಿದ್ದ. ಅಕ್ಕನ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ. ಅಕ್ಕ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಇಪ್ಪತ್ತನಾಲ್ಕರಲ್ಲಿ ಚಿಕೋರಿ ಎಂಟು, ಕಾಫಿ ಹದಿನಾರು. ಮೇಲೆ ಹದಿನಾರು ಹಾಕಿದರೆ ಕಾಫಿ ಮೂವತ್ತೆರಡು. ಒಟ್ಟು ನಲವತ್ತು.

"ಹೌದಪ್ಪಾ," ಎಂದಳು. "ಸರಿ ಇದೆ ಅವಳು ಹೇಳಿದ್ದು."

ಇದನ್ನು ಅವಳೇ ಹೇಳಿದ್ದು, ನಮ್ಮ ಮನೆಯ ಮಿಶನ್ನಿನ ಕೋಣೆಯಲ್ಲಿ, ಅಮ್ಮನ ಎದುರಿಗೆ. ಗೃಹಪ್ರವೇಶದ ಕತೆಯಲ್ಲಿ ಈ ಭಾಗ ಇರಲಿಲ್ಲ.

ನನ್ನ ಮೊಮ್ಮಗಳು ಸಿಂಚನ ಈಗ ಹೈಸ್ಕೂಲಿನಲ್ಲಿದ್ದಾಳೆ. ಮೊನ್ನೆ ಅವಳ ಪುಸ್ತಕದಲ್ಲೂ ಇಂಥದೇ ಲೆಕ್ಕ ಇತ್ತು, ಆಸಿಡ್ಡು ಮತ್ತು ನೀರಿನದ್ದು. ಎಕ್ಸ್ ಎಲ್ಲಿ ಇಡುವುದು ಎಂದು ಪೆನ್ನು ಕಚ್ಚುತ್ತಾ ಕೂತಿದ್ದಳು. ಎಕ್ಸ್ ಆಮೇಲೆ ಇಡು, ನೀರು ಹಾಕಿದಾಗ ಯಾವುದು ಹೆಚ್ಚೂ ಆಗುವುದಿಲ್ಲ ಕಡಿಮೆಯೂ ಆಗುವುದಿಲ್ಲ ಅದನ್ನು ಮೊದಲು ಹಿಡಿದುಕೋ ಅಂದೆ. ಆಸಿಡ್ಡು ಅಜ್ಜಿ ಅಂದಳು. ಮತ್ತೆ ಅದನ್ನೇ ಹಿಡಿ ಅಂದೆ. ಹಿಡಿದಳು, ಬಿಡಿಸಿದಳು. ನಾನು ಮದುವೆಯಾಗಿ ಕಳಸದ ಕಡೆ ಬಂದ ಮೇಲೆ ನಮ್ಮ ತೋಟದಲ್ಲಿ ಮೇಸ್ತ್ರಿ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು ಸುಣ್ಣದ ಔಷಧಿಯನ್ನು ಎರಡು ಪಟ್ಟು ಗಟ್ಟಿ ಮಾಡಿಟ್ಟಾಗಲೂ ನಾನು ಮಾಡಿದ್ದು ಇದನ್ನೇ. ಡ್ರಮ್ಮು ತುಂಬ ಇದೆ, ನೀರು ಎಲ್ಲಿಗೆ ಹಾಕಲಿ ಅಂತ ಅವನು ಕೇಳಿದ. ಅರ್ಧ ತೆಗೆದು ಬೇರೆ ಡ್ರಮ್ಮಿಗೆ ಹಾಕೋ ಮಾರಾಯ, ಆಮೇಲೆ ಎರಡಕ್ಕೂ ನೀರು ತುಂಬು ಅಂದೆ. ಅಷ್ಟು ಹೇಳಲಿಕ್ಕೆ ನನಗೆ ಯಾವ ಪುಸ್ತಕವೂ ಬೇಕಾಗಲಿಲ್ಲ. ಇದು ಜಂಬ ಅಂದರೆ ಜಂಬವೇ.

ಅವತ್ತು ಲೆಕ್ಕ ಸರಿ ಅಂತಾದ ಮೇಲೆ ಮನೆಯಲ್ಲಿ ಯಾರೂ ಸುಮ್ಮನೆ ನಿಲ್ಲಲಿಲ್ಲ. ಅಪ್ಪ ಅಂಗಿ ಬಿಚ್ಚಿ ಎಸೆದು ಡ್ರಮ್ಮಿಗೆ ಬೆಂಕಿ ಹಾಕಿದ. ಡ್ರಮ್ಮಿಗೆ ಒಂದು ಸಲಕ್ಕೆ ಹತ್ತೇ ಕೆ.ಜಿ. ಹಿಡಿಯುವುದು. ನಾನೂ ಅಮ್ಮನೂ ಸರದಿಯ ಮೇಲೆ ಹಿಡಿಕೆ ತಿರುಗಿಸಿದೆವು. ಸೊಂಟದ ನೋವಿನಲ್ಲೇ ಅಮ್ಮ ತಿರುಗಿಸಿದಳು. ಅಕ್ಕ ಬಿಸಿ ಬೀಜವನ್ನು ಚಾಪೆಯ ಮೇಲೆ ಹರಡಿ ಗಾಳಿ ಹಾಕಿದಳು, ಅವಳಿಗೂ ಬೆವರಿತು, ಅದನ್ನೂ ಬರೆಯಬೇಕು. ಮಧ್ಯಾಹ್ನದ ಊಟ ಅಂದರೆ ನಿಂತುಕೊಂಡೇ ತಿಂದ ತಣ್ಣನೆಯ ಅಕ್ಕಿರೊಟ್ಟಿ, ಉಪ್ಪಿನಕಾಯಿ. ಮರಿಗೆಯನ್ನು ಇನ್ನೊಂದು ಸಲ ತಳದಿಂದ ಮೇಲಕ್ಕೆ ಕಲಸಿ, ಇಲ್ಲದಿದ್ದರೆ ಮೂರರಲ್ಲೊಂದು ಅನ್ನುವುದು ಸುಳ್ಳಾಗುತ್ತದೆ ಎಂದು ನಾನು ಹಟ ಹಿಡಿದೆ. ಅಪ್ಪ ಬೈಯುತ್ತಲೇ ಕಲಸಿದ. ಇಪ್ಪತ್ತನಾಲ್ಕು ತೂಗಿ ತೆಗೆದೆವು. ಹೊಸ ಪುಡಿ ಹದಿನಾರು ಸಿಕ್ಕಿತು, ಮೇಲೆ ಒಂದು ಬೊಗಸೆ ಉಳಿಯಿತು. ಬೆರೆಸಿ ಚೀಲಕ್ಕೆ ತುಂಬಿ ಬಾಯಿ ಕಟ್ಟುವ ಮೊದಲೇ ರಸ್ತೆಯಲ್ಲಿ ಜೀಪಿನ ಸದ್ದು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಒಬ್ಬರೇ ಬರುತ್ತಾರೆ ಅಂದುಕೊಂಡಿದ್ದೆವು. ರೈಟರು ಇಳಿದು ಇನ್ನೊಂದು ಬಾಗಿಲು ತೆಗೆದರು. ದೊಡ್ಡಮ್ಮ ಇಳಿದರು.

"ಒಂದು ಲೋಟ ತಣ್ಣೀರು ಕೊಡಿ," ಅಂದರು. ಕುಡಿಯಲಿಕ್ಕಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಗಾಜಿನ ಲೋಟದಲ್ಲಿ ನೀರು ತಂದುಕೊಟ್ಟವಳು ನಾನು. ದೊಡ್ಡಮ್ಮ ಚೀಲದೊಳಗೆ ಕೈ ಹಾಕಿ, ಮೇಲಿನ ಪುಡಿ ಬಿಟ್ಟು ಅಡಿಯಿಂದ ಒಂದು ಚಿಟಿಕೆ ತೆಗೆದು, ನೀರಿನ ಮೇಲೆ ಉದುರಿಸಿ, ಲೋಟವನ್ನು ಬೆಳಕಿಗೆ ಹಿಡಿದರು. ಕಾಫಿ ತೇಲುತ್ತದೆ. ಚಿಕೋರಿ ಕಂದು ಎಳೆ ಬಿಡುತ್ತಾ ತಳಕ್ಕೆ ಇಳಿಯುತ್ತದೆ. ಎಳೆಗಳು ಇಳಿದವು. ಅಪ್ಪನಿಗೆ ಸೀನು ಬರುವ ಹಾಗಾಯಿತು, ಹೆದರಿ ಮೂಗು ಹಿಡಿದುಕೊಂಡ. ದೊಡ್ಡಮ್ಮ ಲೋಟ ನೋಡಿದರು, ಅಪ್ಪನನ್ನು ನೋಡಿದರು, ಮತ್ತೆ ಲೋಟ ನೋಡಿದರು.

"ಐದರಲ್ಲೊಂದು. ಸರಿಯಾಗಿದೆ ಕಣಪ್ಪ. ಹೋದ ಸಲಕ್ಕಿಂತ ಚೆನ್ನಾಗಿದೆ. ಯಾರು ಅಳತೆ ಮಾಡಿದ್ದು?"

"ನಮ್ಮ ದೊಡ್ಡ ಮಗಳಮ್ಮ, ಸುಲೋಚನ," ಎಂದ ಅಪ್ಪ. "ಹೈಸ್ಕೂಲಲ್ಲಿ ಓದ್ತಾಳೆ. ಲೆಕ್ಕದಲ್ಲಿ ಭಾರಿ ಹುಷಾರು."

ಅಪ್ಪ ಸುಳ್ಳುಗಾರನಲ್ಲ. ನಾಲ್ಕನೇ ಕ್ಲಾಸಿಗೆ ಬಿಡಿಸಿದ ಮಗಳು ಅನ್ನುವುದಕ್ಕಿಂತ ಹೈಸ್ಕೂಲಿನ ಮಗಳು ಅನ್ನುವುದು ಜೀಪಿನವರ ಎದುರಿಗೆ ಚೆನ್ನಾಗಿ ಕೇಳಿಸುತ್ತದೆ, ಅದಕ್ಕೆ ಹೇಳಿದ. ದೊಡ್ಡಮ್ಮ ಅಕ್ಕನ ಗಲ್ಲ ಹಿಡಿದು, ಮದುವೆಗೆ ಬಾ, ನನ್ನ ಪಕ್ಕದಲ್ಲೇ ಊಟಕ್ಕೆ ಕೂತುಕೋ ಅಂದರು. ಅಕ್ಕ ನೆಲ ನೋಡಿದಳು. ಇಲ್ಲ ಅನ್ನಲಿಲ್ಲ. ಅವತ್ತು ಇಲ್ಲ ಅನ್ನದೇ ಇದ್ದದ್ದೇ ಇಷ್ಟು ವರ್ಷದಲ್ಲಿ ಬೆಳೆದು ಗೃಹಪ್ರವೇಶದ ಕತೆಯಾಯಿತು. ನಾನು ಅಳಲಿಲ್ಲ. ಲೋಟದ ನೀರನ್ನು ಅಂಗಳಕ್ಕೆ ಚೆಲ್ಲಿ ತೊಳೆದಿಟ್ಟೆ. ಜೀಪು ಹೋದಮೇಲೆ ಅಮ್ಮ ಒಲೆಯ ಹತ್ತಿರ ನನ್ನನ್ನು ಕರೆದು ಮೆಲ್ಲಗೆ ಹೇಳಿದಳು.

"ಲೆಕ್ಕ ನಿಂದೇ ಅಂತ ನಂಗೊತ್ತು ಕಣೇ."

"ನಿಂಗೊತ್ತಿದ್ರೆ ಎಂತ ಆಯ್ತು? ತಕ್ಕಡಿ ಹಿಡಿಯೋರಿಗೆ ಗೊತ್ತಾಗ್ಬೇಕು."

ಅಮ್ಮ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಮರಿಗೆಯಲ್ಲಿ ಇಪ್ಪತ್ತನಾಲ್ಕು ಕೆ.ಜಿ. ಉಳಿದಿತ್ತು. ಮೂರರಲ್ಲೊಂದು ಚಿಕೋರಿಯ ಪುಡಿ, ಯಾರೂ ಕೇಳದ ಪುಡಿ. ಮನೆಗಳಿಗೆ ಕೊಡಲಿಕ್ಕೆ ಚಿಕೋರಿ ಜಾಸ್ತಿ. ಸಂತೆಗೆ ಒಯ್ಯಲಿಕ್ಕೆ ಕಡಿಮೆ, ಸಂತೆಯ ಪೊಟ್ಟಣಕ್ಕೆ ಅರ್ಧಕ್ಕರ್ಧ ಬೇಕು. ಮರುದಿನ ಬೆಳಿಗ್ಗೆ ಅಪ್ಪ ಏಳುವ ಮೊದಲೇ ನಾನು ಎದ್ದು ಮಿಶನ್ನಿನ ಕೋಣೆಗೆ ಹೋದೆ. ಯಾರನ್ನೂ ಕೇಳಲಿಲ್ಲ. ಮರಿಗೆಯಲ್ಲಿ ಕಾಫಿ ಹದಿನಾರು, ಚಿಕೋರಿ ಎಂಟು. ತಕ್ಕಡಿ ಕೆಳಗಿಳಿಸಿ ಇನ್ನೊಂದು ಎಂಟು ಚಿಕೋರಿ ತೂಗಿ ಸುರಿದೆ. ಮೊಣಕೈವರೆಗೂ ಇಳಿದು ಕಲಸಿದೆ. ಅಪ್ಪ ಮೂಗು ಒರೆಸುತ್ತಾ ಬಾಗಿಲಿಗೆ ಬಂದು ನಿಂತು ಒಳಗೆ ಕೂಗಿದ.

"ಸುಲೋಚನಾ, ಉಳಿದಿದ್ದಕ್ಕೆ ಎಷ್ಟು ಹಾಕ್ಬೇಕು ಅಂತ ಲೆಕ್ಕ ಮಾಡ್ಕೊಡೇ."

"ಹಾಕಿ ಆಯ್ತು," ಎಂದೆ. "ಸಂತೆಗೆ ಮೂವತ್ತೆರಡು ಕೆ.ಜಿ. ಆಯ್ತು, ತೂಕ ಹಾಕಿ ನೋಡು."

ಅಪ್ಪ ನೋಡಿದ. ಒಂದು ಸಲ ಅಲ್ಲ, ಎರಡು ಸಲ ತೂಗಿದ. ಎರಡು ಸಲವೂ ಮೂವತ್ತೆರಡು. ತೂಕದ ಬಟ್ಟುಗಳನ್ನೆಲ್ಲ ಒಂದೊಂದಾಗಿ ತೆಗೆದು ನನ್ನ ಮುಂದೆ ಇಟ್ಟು ಡ್ರಮ್ಮಿನ ಕಡೆ ಹೋದ. ನಾನು ಪೊಟ್ಟಣದ ಕಾಗದ ಹರಡಿಕೊಂಡು ತೂಗಲು ಕೂತೆ.